ನನ್ನ ಮೂವತ್ತೆರಡು ಇಂಚಿನ ಸೊಂಟ

ಮದುವೆಯಾದ ಪ್ರತಿಯೊಬ್ಬ ಗಂಡಸಿಗೂ ತನ್ನ ದೇಹದ ಯಾವುದಾದರೂ ಒಂದು ಭಾಗ ಮದುವೆಯ ದಿನ ಹೇಗಿತ್ತೋ ಹಾಗೆಯೇ ಉಳಿದಿದೆ ಎಂಬ ನಂಬಿಕೆ ಇರುತ್ತದೆ. ಕೆಲವರಿಗೆ ಅದು ಕೂದಲು, ಕೆಲವರಿಗೆ ಹಲ್ಲು. ನಮ್ಮ ಮಾವನವರಿಗೆ ಕಣ್ಣು. ಮುಸ್ಸಂಜೆಯಲ್ಲಿ ಎದುರಿಗೆ ಬಂದ ಎಮ್ಮೆಯನ್ನು ‘ಬರ್ರಿ ಗೌಡ್ರ, ಆರಾಮೇನ್ರಿ?’ ಎಂದು ವಿಚಾರಿಸಿಕೊಂಡ ಮೇಲೂ ಅವರು ಕನ್ನಡಕ ಹಾಕಲು ಒಪ್ಪಲಿಲ್ಲ. ನನಗೆ ಸೊಂಟ. ತಲೆ ನೆರೆತದ್ದನ್ನು ನಾನು ತಕರಾರಿಲ್ಲದೆ ಒಪ್ಪಿಕೊಂಡಿದ್ದೆ. ಮಹಡಿ ಹತ್ತಿದರೆ ಏದುಸಿರು ಬರುವುದನ್ನೂ ಒಪ್ಪಿಕೊಂಡಿದ್ದೆ. ಆದರೆ ಮದುವೆಯಲ್ಲಿ ಮೂವತ್ತೆರಡು ಇಂಚು ಇದ್ದ ಸೊಂಟ ನಲವತ್ತಾರನೆಯ ವಯಸ್ಸಿನಲ್ಲೂ ಮೂವತ್ತೆರಡೇ ಎಂದು ಯಾರು ಕೇಳಲಿ, ಬಿಡಲಿ, ಹೇಳಿಕೊಂಡು ತಿರುಗುತ್ತಿದ್ದೆ.

ಹೀಗೆ ಹೇಳಿಕೊಳ್ಳಲು ನನಗೆ ಒಬ್ಬ ಮನುಷ್ಯ ಸಿಕ್ಕಿದ್ದ. ಕೊಟ್ಟೂರಿನ ನಮ್ಮ ಕಚೇರಿಯಲ್ಲಿ ನನ್ನ ಮೇಜಿನ ಎದುರು ಮೇಜು ವಿರೂಪಾಕ್ಷಪ್ಪನದು. ಹರಪನಹಳ್ಳಿಯವನು, ನನ್ನ ಓರಗೆಯವನು. ದೊಡ್ಡ ಹೊಟ್ಟೆ, ಅದನ್ನು ಮರೆಮಾಚುವ ಯಾವ ಆಸೆಯೂ ಇಲ್ಲದ ಆಸಾಮಿ. ಹದಿನೆಂಟು ವರ್ಷ ನಾನು ಆ ಕಚೇರಿಯಲ್ಲಿ ತಮಾಷೆಯ ಮನುಷ್ಯ ಎಂದು ಹೆಸರು ಪಡೆದದ್ದೆಲ್ಲ ಅವನ ಹೊಟ್ಟೆಯ ಪುಣ್ಯದಿಂದ. ಅವನು ಬಾಗಿಲಲ್ಲಿ ಕಾಣಿಸಿದರೆ, ‘ಹೊಟ್ಟಿ ಬಂತು, ವಿರೂಪಾಕ್ಷಪ್ಪ ಹಿಂದ ಬರಾಕತ್ಯಾನ’ ಎನ್ನುತ್ತಿದ್ದೆ. ಅವನು ಕೂತ ಕುರ್ಚಿ ಕಿರ್ರೆಂದರೆ, ‘ಪಾಪ, ಅದಕ್ಕ ಲಗೂನ ಪೆನ್ಷನ್ ಕೊಡ್ರಿ’ ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಹೆಚ್ಚು ಅವನೇ ನಗುತ್ತಿದ್ದ. ಕೊನೆಗೆ ನಾನು ನನ್ನ ಬೆಲ್ಟಿನ ಮೇಲೆ ಕೈಯಿಟ್ಟು ಮೂವತ್ತೆರಡರ ಸುದ್ದಿ ತೆಗೆಯುತ್ತಿದ್ದೆ.

ನನ್ನ ಮಾತಿಗೆ ಸಾಕ್ಷಿಯೂ ಇತ್ತು. ಬಜಾರಿನ ಮೂಲೆಯಲ್ಲಿದ್ದ ಟೇಲರ್ ಕೊಟ್ರಪ್ಪನ ಅಳತೆ ಪುಸ್ತಕವೇ ಆ ಸಾಕ್ಷಿ. ಮದುವೆಯ ಪ್ಯಾಂಟು ಹೊಲಿದವನೂ ಅವನೇ, ಆಮೇಲಿನವನ್ನು ಹೊಲಿದವನೂ ಅವನೇ. ವರ್ಷಕ್ಕೊಮ್ಮೆ ದೀಪಾವಳಿಯ ಮುಂದೆ ನಾನು ಬಟ್ಟೆ ತೆಗೆದುಕೊಂಡು ಹೋದರೆ ಅವನು ಟೇಪು ಹಿಡಿದು ಎದ್ದು ಬರುತ್ತಿದ್ದ. ನಾನು ಉಸಿರು ಒಳಗೆಳೆದು ನಿಲ್ಲುತ್ತಿದ್ದೆ. ಟೇಪು ಸೊಂಟ ಸುತ್ತುವಾಗ ಕೊಟ್ರಪ್ಪ ಯಾಕೋ ಬೀದಿಯ ಕಡೆ ನೋಡುತ್ತಿದ್ದ. ಆಮೇಲೆ ಪುಸ್ತಕ ತೆರೆದು, ‘ಅದ ಐತ್ರಿ ಸಾಹೇಬ್ರ, ಮೂವತ್ತೆರಡು’ ಎನ್ನುತ್ತಿದ್ದ. ಬೀದಿಗೂ ನನ್ನ ಸೊಂಟಕ್ಕೂ ಏನು ಸಂಬಂಧ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಹೊಸ ಪ್ಯಾಂಟು ಹಿತವಾಗಿ ಕೂರುತ್ತಿತ್ತು, ನನಗೆ ಅಷ್ಟು ಸಾಕಿತ್ತು.

ಎಂಬತ್ತರ ದಶಕ ಇನ್ನೇನು ಶುರುವಾಗಬೇಕು ಅನ್ನುವ ಹೊತ್ತಿಗೆ ನಮ್ಮಲ್ಲಿಗೆ ಮೈಸೂರು ಕಡೆಯ ಒಬ್ಬ ಹೊಸ ಸಾಹೇಬರು ಬಂದರು. ಉತ್ಸಾಹದ ಮನುಷ್ಯ. ಬಂದ ತಿಂಗಳಲ್ಲೇ, ಮುಂದಿನ ಭಾನುವಾರ ಎಲ್ಲರೂ ಸೇರಿ ಹೊಳಲಿಗೆ ಹೋಗಿ ಅನಂತಶಯನನ ದರ್ಶನ ಮಾಡಿ, ಅಲ್ಲೇ ಊಟ ಮುಗಿಸಿ ಬರೋಣ ಎಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ‘ಕಚೇರಿ ವೇಷದಲ್ಲಿ ಯಾರೂ ಬರಬೇಡಿ. ಕ್ಯಾಶುವಲ್ ಆಗಿ ಬನ್ನಿ. ಆದರೆ ನೀಟಾಗಿರಬೇಕು’ ಎಂದುಬಿಟ್ಟರು. ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನಮಗೆ ಗೊತ್ತಿದ್ದ ಬಟ್ಟೆ ಎರಡೇ ಬಗೆ. ಹೊರಗೆ ಹೋಗುವಾಗ ಪ್ಯಾಂಟು, ಒಳಗೆ ಸಿಕ್ಕಿಸಿದ ಬಿಳಿ ಅಂಗಿ. ಮನೆಯಲ್ಲಿ ಲುಂಗಿ, ಬನಿಯನ್. ಇವೆರಡರ ನಡುವೆ ಮನುಷ್ಯ ಉಡುವಂಥದ್ದು ಇನ್ನೊಂದಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಹಿರಿಯ ಗುಮಾಸ್ತರೊಬ್ಬರು ಎದ್ದು ನಿಂತು, ‘ಸಾರ್, ಇಸ್ತ್ರಿ ಮಾಡಿದ ಲುಂಗಿ ನಡೀತೈತೇನ್ರಿ?’ ಎಂದು ಬಹಳ ಗಂಭೀರವಾಗಿ ಕೇಳಿದರು. ಸಾಹೇಬರು ನೀರು ಕುಡಿದರು.

ಆ ಗುರುವಾರ ವಿರೂಪಾಕ್ಷಪ್ಪ ದಾವಣಗೆರೆಗೆ ಹೊರಟಿದ್ದ. ಅಲ್ಲಿ ರೆಡಿಮೇಡ್ ಪ್ಯಾಂಟು ಸಿಗುತ್ತದೆ, ಅಳತೆ ಹೇಳಿದರೆ ಸಾಕು, ಕೊಡುತ್ತಾರೆ ಎಂದ. ನಾನು ಎಲ್ಲರಿಗೂ ಕೇಳುವ ಹಾಗೆ, ‘ನನಗೊಂದು ಫ್ಯಾಷನ್ ಪ್ಯಾಂಟು ತಾರಪ್ಪ. ಮೂವತ್ತೆರಡು’ ಎಂದೆ.

‘ಲೇ ಸಿದ್ಲಿಂಗ, ಒಂದ್ಸಲ ಟೇಪ್ ಹಿಡಿಸಿ ನೋಡಲೇ. ರೆಡಿಮೇಡ್ ಐತೆ, ವಾಪಸ್ ತಗಳಲ್ಲ ಅವ್ರು’ ಎಂದ ವಿರೂಪಾಕ್ಷಪ್ಪ.

‘ಟೇಪು ನಿನಗ ಬೇಕು. ಅದೂ ಎರಡು ಜೋಡಿಸಬೇಕು’ ಎಂದೆ. ಎಲ್ಲರೂ ನಕ್ಕರು. ನಗು ಬಿದ್ದಾಗ ನನಗೆ ಬುದ್ಧಿ ನಿಲ್ಲುವುದಿಲ್ಲ. ‘ಅದ ಪ್ಯಾಂಟು ಹಾಕ್ಕೊಂಡು ಹೊಳಲಿಗೆ ಬರ್ತೀನಿ. ಬರಲಿಲ್ಲಂದ್ರ ಅವತ್ತಿನಿಂದ ನಿನ್ನ ಹೊಟ್ಟಿ ಸುದ್ದಿ ಎತ್ತಂಗಿಲ್ಲ, ಎಲ್ಲಾರ ಮುಂದ ಕೈ ಮುಗದು ತಪ್ಪಾತು ಅಂತೀನಿ’ ಎಂದು ಪಂಥ ಕಟ್ಟಿಬಿಟ್ಟೆ. ಇಡೀ ಕಚೇರಿ ಸಾಕ್ಷಿಯಾಯಿತು.

ಶನಿವಾರ ಮಧ್ಯಾಹ್ನ ಪ್ಯಾಂಟು ಕೈಗೆ ಬಂತು. ಬಿಸ್ಕತ್ತಿನ ಬಣ್ಣ, ಬೆಲ್‌ಬಾಟಮ್. ಕೆಳಗೆ ಪಾದದ ಹತ್ತಿರ ಇಬ್ಬರಿಗೆ ಸಾಲುವಷ್ಟು ಬಟ್ಟೆ ಬಿಟ್ಟಿದ್ದರು, ಮೇಲೆ ಸೊಂಟದ ಹತ್ತಿರ ಒಬ್ಬನಿಗೂ ಸಾಲುತ್ತಿರಲಿಲ್ಲ. ತೊಡೆಯ ತನಕ ಹೇಗೋ ಹತ್ತಿದ್ದು ಆಮೇಲೆ ಗುಂಡಿಗೂ ಕಾಜಿಗೂ ನಡುವೆ ಅಂಗೈ ಅಗಲದ ಜಾಗ ಬಿಟ್ಟು ನಿಂತೇಬಿಟ್ಟಿತು. ಉಸಿರೆಳೆದೆ. ಗೋಡೆಗೆ ಒರಗಿ ಎಳೆದೆ. ಕೊನೆಗೆ ಮಂಚದ ಮೇಲೆ ಅಂಗಾತ ಮಲಗಿ ನನ್ನ ಹೆಂಡತಿ ಗಿರಿಜೆಯನ್ನು ಕರೆದೆ. ಅವಳು ಎರಡೂ ಕೈಯಿಂದ ಎಳೆದು, ಸೋತು, ಬೆವರು ಒರೆಸಿಕೊಂಡಳು. ‘ದಾವಣಗೆರಿಯವರು ಅಳತಿ ತಪ್ಪು ಬರದಾರ’ ಎಂದೆ. ಅವಳು ನಗಲಿಲ್ಲ. ಅದೇ ನನಗೆ ಅನುಮಾನ ಹುಟ್ಟಿಸಿದ್ದು. ‘ಹಂಗ ಇರಬೇಕು ಬಿಡ್ರಿ. ಕೊಟ್ರಪ್ಪನ ಅಂಗಡಿಗಿ ಹೋಗಿ ಬರ್ರಿ’ ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಕೊಟ್ರಪ್ಪ ಪ್ಯಾಂಟನ್ನು ತಿರುವಿ ಒಳಹೊಲಿಗೆ ನೋಡಿ ತಲೆಯಾಡಿಸಿದ. ‘ಒಳಗ ಒಂದು ಬೆರಳು ಬಟ್ಟಿ ಸೈತ ಬಿಟ್ಟಿಲ್ರಿ. ಬಿಚ್ಚೇನಂದ್ರ ಏನೂ ಇಲ್ಲ.’

‘ಅದಿರಲಿ, ಇವರ ಮೂವತ್ತೆರಡು ಎಂಥ ಮೂವತ್ತೆರಡಪ್ಪ? ನಿನ್ನ ಪುಸ್ತಕ ತಗಿ’ ಎಂದೆ.

ಅವನು ತೆಗೆಯಲು ಹಿಂದೆಮುಂದೆ ನೋಡಿದ. ನಾನೇ ಎಳೆದುಕೊಂಡು ತೆರೆದೆ. ನನ್ನ ಹೆಸರಿನ ಮುಂದೆ ಮೂವತ್ತೆರಡು ಎಂದು ದಪ್ಪಗೆ ಬರೆದಿತ್ತು. ನೋಡು ಮತ್ತೆ, ಎನ್ನುವಷ್ಟರಲ್ಲಿ ಅದರ ಪಕ್ಕ ಸಾಲಾಗಿ ನಾಲ್ಕು ಚುಕ್ಕೆ ಕಂಡವು. ಪೆನ್ಸಿಲ್ ಜಾರಿ ಬಿದ್ದ ಚುಕ್ಕೆಗಳಲ್ಲ. ಒತ್ತಿ ಇಟ್ಟವು.

‘ಇವೇನೋ?’

ಕೊಟ್ರಪ್ಪ ಬೀದಿಯ ಕಡೆ ನೋಡಿದ. ‘ಒಂದು ಚುಕ್ಕಿಗೆ ಒಂದು ಇಂಚ್ರಿ’ ಎಂದ.

ಇಷ್ಟು ವರ್ಷ ಇವನು ನನ್ನನ್ನು ಮಂಗ ಮಾಡಿದನಲ್ಲ ಎಂದು ರೇಗಿ ಹೋಯಿತು. ‘ನನ್ನ ಸೊಂಟದ ಸುದ್ದಿ ನನಗ ಹೇಳಾಕ ನಿನಗೇನಾಗಿತ್ತಲೇ?’ ಎಂದು ಕೂಗಾಡಿದೆ.

‘ಅಕ್ಕಾರು ಬ್ಯಾಡಂದಿದ್ರು ಸಾಹೇಬ್ರ’ ಎಂದ ಅವನು. ‘ಒಂದು ಇಂಚು ಹೆಚ್ಚಾತು ಅಂತ ಗೊತ್ತಾದ್ರ ಮೂರು ದಿನ ಊಟ ಬಿಡ್ತಾರ, ನಾಲ್ಕನೇ ದಿನ ಅಷ್ಟೂ ಸೇರಿಸಿ ಉಣ್ತಾರ, ನಡುವ ಮನಿ ಮಂದಿಗೆಲ್ಲ ಬೈತಾರ, ಅದಕ್ಕ ನೀನ ಒಳಗೊಳಗ ಬಿಟ್ಟು ಹೊಲಿಯಪ್ಪ ಅಂದ್ರು. ನಾ ಏನು ಮಾಡ್ಲಿ ಹೇಳ್ರಿ?’

ಗಿರಿಜೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಿಟ್ಟು ಇಳಿದು ಅದರ ಜಾಗದಲ್ಲಿ ಭಯ ಬಂತು. ಬೆಳಗಾದರೆ ಹೊಳಲು. ಇಡೀ ಕಚೇರಿ ನನ್ನ ಸೊಂಟ ನೋಡಲು ಕಾಯುತ್ತಿರುತ್ತದೆ. ಹದಿನೆಂಟು ವರ್ಷ ಒಬ್ಬ ಮನುಷ್ಯನ ಹೊಟ್ಟೆಯನ್ನು ಆಡಿಕೊಂಡವನು ಅವನ ಮುಂದೆಯೇ ಕೈ ಮುಗಿದು ನಿಲ್ಲಬೇಕು. ‘ಕೊಟ್ರಪ್ಪ, ಹೆಂಗರ ಮಾಡಿ ಮರ್ಯಾದಿ ಉಳಿಸೋ’ ಎಂದೆ. ಕೂಗಾಡಿದ ಬಾಯಲ್ಲೇ ಅಂಗಲಾಚುವುದಕ್ಕೆ ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಅವನು ಪ್ಯಾಂಟಿನ ಹಿಂಭಾಗದ ನಡುಹೊಲಿಗೆ ಬಿಚ್ಚಿದ. ಅಲ್ಲಿಗೆ ಮೂರು ಮೂಲೆಯ ಒಂದು ತುಂಡು ಕೂಡಿಸಿ, ಮೇಲೆ ಅಂಗಿ ಹೊರಗೆ ಬಿಟ್ಟರೆ ಆಯಿತು, ಕಾಣುವುದಿಲ್ಲ ಎಂದ. ಬಿಸ್ಕತ್ತಿನ ಬಣ್ಣದ ಬಟ್ಟೆ ಅಂಗಡಿಯಲ್ಲೆಲ್ಲೂ ಇರಲಿಲ್ಲ. ಚೂರುಬಟ್ಟೆಯ ಬುಟ್ಟಿ ತಡಕಾಡಿದಾಗ ಸಾಲುವಷ್ಟು ದೊಡ್ಡದೆಂದು ಸಿಕ್ಕಿದ್ದು ಒಂದೇ ತುಂಡು. ಬೂದು ಬಣ್ಣ, ಕೆಂಪು ಗೆರೆಯ ದೊಡ್ಡ ದೊಡ್ಡ ಚೌಕಳಿ. ‘ಇದು ಯಾರದು?’ ಎಂದೆ. ‘ವಿರೂಪಾಕ್ಷಪ್ಪನವರದ್ರಿ. ಅವರು ಯಾವಾಗಲೂ ಧಾರಾಳ ಬಟ್ಟಿ ತರ್ತಾರ, ಉಳೀತೈತಿ’ ಎಂದು ಕೊಟ್ರಪ್ಪ ಮಷೀನು ತುಳಿಯತೊಡಗಿದ. ನಾನು ಸ್ಟೂಲಿನ ಮೇಲೆ ಕೂತು ಅವನ ಪುಸ್ತಕ ತಿರುವಿದೆ. ಊರಿನ ಎಷ್ಟೋ ದೊಡ್ಡ ಮನುಷ್ಯರ ಹೆಸರಿನ ಮುಂದೆ ಚುಕ್ಕೆಗಳಿದ್ದವು. ವಿರೂಪಾಕ್ಷಪ್ಪನ ಪುಟದಲ್ಲಿ ಒಂದೂ ಇರಲಿಲ್ಲ. ಮೂವತ್ತಾರು ಹೊಡೆದು ಮೂವತ್ತೆಂಟು, ಅದನ್ನು ಹೊಡೆದು ನಲವತ್ತು ಎಂದು ಉದ್ದಕ್ಕೂ ನಿಜವನ್ನೇ ಬರೆಸಿದ್ದ.

ಭಾನುವಾರ ಬೆಳಿಗ್ಗೆ ಹೂವಿನ ಚಿತ್ತಾರದ ಅಂಗಿಯನ್ನು ಪ್ಯಾಂಟಿನ ಮೇಲೆ ಇಳಿಬಿಟ್ಟು ವ್ಯಾನಿನ ಹತ್ತಿರ ಹೋದೆ. ಮಿಕ್ಕವರೆಲ್ಲ ಅಂಗಿ ಒಳಗೆ ತುರುಕಿ, ಬೆಲ್ಟು ಬಿಗಿದು ನಿಂತಿದ್ದರು. ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೋಡ್ರಪ್ಪ, ನೋಡಿ ಕಲೀರಿ. ಕ್ಯಾಶುವಲ್ ಅಂದ್ರೆ ಇದು!’ ಎಂದು ಕೈ ಕುಲುಕಿದರು. ಕ್ಷಣದಲ್ಲಿ ಎಲ್ಲರ ಅಂಗಿಯೂ ಹೊರಗೆ ಬಂತು. ನಾನು ಉಬ್ಬಿ ಹೋದೆ. ಅಷ್ಟರಲ್ಲಿ ವಿರೂಪಾಕ್ಷಪ್ಪ ಬಂದ. ಅವನ ಪ್ಯಾಂಟು ಬೂದು ಬಣ್ಣದ್ದು, ಅದರ ಮೇಲೆ ಕೆಂಪು ಗೆರೆಯ ದೊಡ್ಡ ದೊಡ್ಡ ಚೌಕಳಿ.

ಹಿರೇಹಡಗಲಿ ದಾಟಿ ಹೊಳಲು ಮುಟ್ಟುವ ತನಕ ನಾನು ಬೆನ್ನನ್ನು ಸೀಟಿನಿಂದ ಎತ್ತಲಿಲ್ಲ. ಇಳಿದ ಮೇಲೂ ಗೋಡೆ, ಮರ, ಕಂಬ ಸಿಕ್ಕಲ್ಲೆಲ್ಲ ಒರಗಿಕೊಂಡೇ ನಿಂತೆ. ಗುಡಿಯೊಳಗೆ ಮಾತ್ರ ಒರಗಲು ಏನೂ ಸಿಗಲಿಲ್ಲ. ಎದುರಿಗೆ ಅನಂತಶಯನ ಎಷ್ಟು ಚೆಂದವಾಗಿ ಮಲಗಿದ್ದ! ಯಾವ ಗುಂಡಿಯ ಚಿಂತೆಯೂ ಇಲ್ಲ, ಯಾರಿಗೂ ಬೆನ್ನು ತೋರಿಸುವ ಪ್ರಸಂಗವಿಲ್ಲ. ನಿಜವಾದ ಕ್ಯಾಶುವಲ್ ಇವನೊಬ್ಬನೇ ಅಂದುಕೊಂಡೆ. ಅಷ್ಟರಲ್ಲಿ ಸಾಹೇಬರು ಅಡ್ಡಬಿದ್ದರು. ಅವರ ಹಿಂದೆ ಒಬ್ಬೊಬ್ಬರೇ ಅಡ್ಡಬಿದ್ದರು. ದೇವರ ಮುಂದೆ ನಾನೊಬ್ಬನೇ ಕಂಬದ ಹಾಗೆ ಎಷ್ಟು ಹೊತ್ತು ನಿಲ್ಲಲಿ? ಧೈರ್ಯ ಮಾಡಿ ಉದ್ದಕ್ಕೆ ಬಿದ್ದೆ. ಅಂಗಿ ಸರ್ರನೆ ಬೆನ್ನಿನ ಮೇಲಕ್ಕೆ ಹೋದದ್ದು ನನಗೇ ಗೊತ್ತಾಯಿತು. ಎರಡೂ ಕೈ ಮುಂದೆ ಜೋಡಿಸಿವೆ, ಎಳೆದುಕೊಳ್ಳುವ ಹಾಗಿಲ್ಲ. ಮುಗಿಯಿತು ನನ್ನ ಕಥೆ ಎಂದು ಕಣ್ಣು ಮುಚ್ಚಿದೆ. ಆಗ ಒಂದು ಕೈ ಅಂಗಿಯ ಅಂಚು ಹಿಡಿದು ಮೆಲ್ಲಗೆ ಕೆಳಗೆಳೆದು ಸರಿ ಮಾಡಿತು. ಓರೆಗಣ್ಣಿನಿಂದ ನೋಡಿದೆ. ಪಕ್ಕದಲ್ಲಿ ವಿರೂಪಾಕ್ಷಪ್ಪ ಮಂಡಿಯೂರಿ, ನನ್ನ ಕಡೆ ನೋಡದೆ, ದೇವರಿಗೆ ಕೈ ಮುಗಿಯುತ್ತಿದ್ದ. ‘ಏಳಲೇ ಸಿದ್ಲಿಂಗ, ಪೂಜಾರ್ರು ತೀರ್ಥ ಹಿಡ್ಕಂಡು ನಿಂತಾರೆ’ ಎಂದ.

ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತಾಗ ಯಾರೋ ಪಂಥದ ಮಾತು ತೆಗೆದರು. ‘ಯಾರು ಗೆದ್ರಪ್ಪ?’ ಎಂದರು. ನನ್ನ ಬಾಯಿಯ ಮಿರ್ಚಿ ಅಲ್ಲೇ ನಿಂತಿತು. ವಿರೂಪಾಕ್ಷಪ್ಪ ಮಂಡಕ್ಕಿ ಮುಕ್ಕುತ್ತಾ, ‘ಅವನೇ. ಮೂವತ್ತೆರಡೇ. ತಂದೋನು ನಾನೇ ಅಲ್ವಾ?’ ಎಂದು ತನ್ನ ಹೊಟ್ಟೆ ತಟ್ಟಿಕೊಂಡು ನಕ್ಕ. ಎಲ್ಲರೂ ಅವನ ಹೊಟ್ಟೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ನಾಚಿಕೆ ನನಗೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ. ಗೆದ್ದವನು ನಾನೇ ಆದರೂ ಆವತ್ತಿನಿಂದ ಅವನ ಹೊಟ್ಟೆಯ ಸುದ್ದಿ ಎತ್ತಲಿಲ್ಲ. ಕಚೇರಿಯಲ್ಲಿ ನನ್ನನ್ನು ತಮಾಷೆಯ ಮನುಷ್ಯ ಅನ್ನುವುದೂ ನಿಂತುಹೋಯಿತು.

ಮುಂದಿನ ದೀಪಾವಳಿಗೆ ಬಟ್ಟೆ ಹಿಡಿದು ಕೊಟ್ರಪ್ಪನಲ್ಲಿಗೆ ಹೋದಾಗ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ. ವಿರೂಪಾಕ್ಷಪ್ಪ ಆಗಲೇ ಅಲ್ಲಿದ್ದ. ‘ನಲವತ್ತೆರಡು ಬರ್ಕಳಪ್ಪ, ಹಬ್ಬದ ಹೋಳಿಗೆ ಸೇರಿಸಿ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ನನ್ನ ಬೆನ್ನು ತಟ್ಟಿ ಹೋದ. ‘ಕೊಟ್ರಪ್ಪ, ಈ ಸಲ ಖರೇ ಎಷ್ಟೈತೋ ಅಷ್ಟ ಬರಿ. ಆಟ ಸಾಕು’ ಎಂದೆ. ‘ಆತ್ರಿ’ ಎಂದು ಟೇಪು ತಂದ. ಟೇಪು ಸೊಂಟಕ್ಕೆ ಮುಟ್ಟಿದ್ದೇ ತಡ, ನನ್ನ ಉಸಿರು ತಾನೇ ಒಳಗೆ ಹೋಯಿತು. ಕೊಟ್ರಪ್ಪ ಬೀದಿಯ ಕಡೆ ನೋಡಿದ. ಆಮೇಲೆ ಹಳೆಯ ಅಂಕಿಯ ಮೇಲೆ ಪೆನ್ಸಿಲ್ ಇಟ್ಟು, ‘ಹೊಡದು ಹಾಕ್ಲೇನ್ರಿ?’ ಎಂದು ಕೇಳಿದ. ನಾನೂ ಸ್ವಲ್ಪ ಹೊತ್ತು ಬೀದಿಯ ಕಡೆ ನೋಡಿದೆ.

‘ಮೂವತ್ತೆರಡು ಹಂಗ ಇರಲಿ ಬಿಡೋ’ ಎಂದೆ. ‘ಇನ್ನೊಂದು ಚುಕ್ಕಿ ಇಡು.’