ಡಬ್ಬಿಯಲ್ಲಿ ಕಟ್ಟಿಟ್ಟ ದೆವ್ವ

ಪರದೆ ಸುತ್ತಿಟ್ಟ ಮೇಲೂ ಸಿನಿಮಾದ ದೆವ್ವ ಊರು ಬಿಡುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಟೆಂಟ್ ಸಿನಿಮಾದಲ್ಲಿ ಮಷೀನು ನಡೆಸುವ ಕೆಲಸಕ್ಕೆ ಸೇರಿದ ಮೇಲೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಂದು ಊರೂರು ತಿರುಗುತ್ತಿದ್ದೆವು. ದೇವರ ಸಿನಿಮಾ ಹಾಕಿದರೆ ದೊಡ್ಡವರು ಮಕ್ಕಳನ್ನು ಎಳೆದುಕೊಂಡು ಬರುತ್ತಿದ್ದರು. ದೆವ್ವದ್ದು ಹಾಕಿದರೆ ಮಕ್ಕಳು ದೊಡ್ಡವರನ್ನು. ಆಮೇಲಿನ ಫಜೀತಿಗೆಲ್ಲ ನಾನೇ ಹೊಣೆ.

೧. ಹೋತೇನ್ರಿ?

ಕುಷ್ಟಗಿಯಲ್ಲಿ ಮಕ್ಕಳು ಪರದೆಯ ಮುಂದಿನ ನೆಲಕ್ಕಾಗಿ ಜಗಳಾಡಿ ಜಾಗ ಹಿಡಿಯುತ್ತಿದ್ದರು. ಬಿಳಿ ಸೀರೆಯ ದೆವ್ವ ಬರುವ ಸಂಗೀತ ಶುರುವಾಯಿತೋ, ಅಷ್ಟೂ ಜನ ಪರದೆಗೆ ಬೆನ್ನು ಮಾಡಿ ನನ್ನ ಕಡೆ ತಿರುಗಿ ಕೂಡುವರು. ಟಿಕೀಟು ತೆಗೆಸಿ ಬಂದು ನನ್ನ ಮುಖ ನೋಡುವುದೇನು ಎಂದು ನನಗೇ ನಾಚಿಕೆ.

ಒಂದು ದಿನ ಸರಿಯಾಗಿ ಅದೇ ಹೊತ್ತಿಗೆ ರೀಲು ಹರಿದು ಪರದೆ ಬೆಳ್ಳಗಾಯಿತು. ಒಬ್ಬ ಹುಡುಗ ಕೂತಲ್ಲಿಂದಲೇ, "ಕಾಕಾ, ದೆವ್ವ ಹೋತೇನ್ರಿ?" ಎಂದ. ರೀಲು ಅಂಟಿಸುವ ಗಡಿಬಿಡಿಯಲ್ಲಿ ನಾನು ಹೋತು ಹೋತು ಎಂದುಬಿಟ್ಟೆ. ನನ್ನ ಮಾತು ನಂಬಿ ಎಲ್ಲರೂ ಪರದೆಯ ಕಡೆ ತಿರುಗಿದರು. ಅದೇ ಗಳಿಗೆಗೆ ನಾನು ಮಷೀನು ಚಾಲೂ ಮಾಡಿದೆ. ಪರದೆ ತುಂಬ ದೆವ್ವದ ಮುಖ. ಮಕ್ಕಳು ಟೆಂಟಿನ ಅಂಚು ಎತ್ತಿಕೊಂಡು ಓಡಿದ ರಭಸಕ್ಕೆ ಎರಡು ಗೂಟ ಕಿತ್ತು ಬಂದವು.

ಮರುದಿನ ಸಂತೆಯಲ್ಲಿ ಒಂದು ಕೂಸು ತಾಯಿಗೆ ನನ್ನನ್ನು ತೋರಿಸಿ, "ಯವ್ವಾ, ಸುಳ್ಳು ಹೇಳೋ ಕಾಕಾ ಇವನ ನೋಡು" ಎಂದಿತು.

೨. ಅಜ್ಜನ ತಕರಾರು

ಯಲಬುರ್ಗಾದಲ್ಲಿದ್ದಾಗ ಬೇವೂರಿನ ಒಬ್ಬ ಹೆಣ್ಣುಮಗಳು ಮಗನ ರಟ್ಟೆ ಹಿಡಿದುಕೊಂಡು ಬೆಳಿಗ್ಗೆಯೇ ಬಂದಳು. ನಮ್ಮ ಸಿನಿಮಾ ನೋಡಿದಾಗಿನಿಂದ ಹುಡುಗ ಹುಣಸೆ ಮರ ದಾಟಿ ಸಾಲೆಗೆ ಹೋಗಲು ಒಲ್ಲೆ ಅನ್ನುತ್ತಾನಂತೆ. "ದೆವ್ವ ನಿಮ್ಮದು, ನೀವ ಬಿಡಸ್ರಿ" ಎಂದು ಟೆಂಟಿನ ಬಾಗಿಲಲ್ಲೇ ಕೂತಳು. ಎಷ್ಟು ತಿಳಿಸಿ ಹೇಳಿದರೂ ಏಳಲಿಲ್ಲ.

ನಮ್ಮ ಮಷೀನಿಗೆ ಬೆಳಕು ಬರುತ್ತಿದ್ದದ್ದು ಕಾರ್ಬನ್ ಕಡ್ಡಿ ಉರಿದು. ಉರಿದುಳಿದ ತುಂಡಿನ ಮಸಿ ತೆಗೆದು ಹುಡುಗನ ಹಣೆಗೆ ಹಚ್ಚಿ, ಈ ಬೆಳಕಿನಲ್ಲಿ ಬಂದದ್ದು ಈ ಮಸಿಗೆ ಹೋಗುತ್ತದೆ ಎಂದೆ. ಹುಡುಗ ಅಂದೇ ಸಾಲೆಗೆ ಹೋದ. ಮೂರನೆಯ ದಿನಕ್ಕೆ ಟೆಂಟಿನ ಮುಂದೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಪಾಳಿ. ಸಂಜೆಯ ಆಟಕ್ಕೂ ಅಷ್ಟು ಜನ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಊರಲ್ಲಿ ತಾಯತ ಕಟ್ಟುವ ಅಜ್ಜ ಬಂದು ಬಹಳ ನೊಂದು ಕೇಳಿದ: "ನೀವು ಹೆದರಿಸ್ರಿ, ಬ್ಯಾಡ ಅನ್ನಂಗಿಲ್ಲ. ಬಿಡಸೋದೂ ನೀವ ಮಾಡಿದ್ರ ನಾವೇನು ಮಾಡೋಣ್ರಿ?"

೩. ಗಂಗಾವತಿ ಬಸ್ಸು

ಯಲಬುರ್ಗಾದಲ್ಲೇ ಎಂಟು ವರ್ಷದ ಒಂದು ಹುಡುಗಿಗೆ ಮಸಿಯೂ ನಾಟಲಿಲ್ಲ, ಅಜ್ಜನ ತಾಯತವೂ ನಾಟಲಿಲ್ಲ. ಎರಡು ದಿನದಿಂದ ಊಟ ಬಿಟ್ಟಿದ್ದಳು. ನೋಡಿ ತಪ್ಪು ನನ್ನದೇ ಅನ್ನಿಸಿತು. ರೀಲು ತುಂಬಿದ ತಗಡಿನ ಡಬ್ಬಿ ತೋರಿಸಿ, ದೆವ್ವ ಇದರೊಳಗಿದೆ, ಮುಚ್ಚಳ ಹಾಕಿ ಪಟ್ಟಿ ಬಿಗಿದಿದ್ದೇನೆ, ನಾಳೆ ಬೇರೆ ಊರಿಗೆ ಒಯ್ಯುತ್ತೇನೆ ಎಂದೆ. ಹುಡುಗಿ ಪಟ್ಟಿಯನ್ನು ತಾನೇ ಎಳೆದು ನೋಡಿ, ಮನೆಗೆ ಹೋಗಿ ಎರಡು ರೊಟ್ಟಿ ತಿಂದಳಂತೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮರುದಿನ ಡಬ್ಬಿ ಗಂಗಾವತಿಗೆ ಮುಟ್ಟಬೇಕಿತ್ತು. ಅಲ್ಲಿ ಸಂಜೆಯ ಆಟಕ್ಕೆ ಪೋಸ್ಟರು ಅಂಟಿಸಿಯಾಗಿತ್ತು. ಹಿಂದೊಮ್ಮೆ ತಡವಾಗಿದ್ದಕ್ಕೆ ಮಾಲೀಕರು, ಇನ್ನೊಮ್ಮೆ ಹೀಗಾದರೆ ಮನೆಗೆ ನಡಿ ಎಂದಿದ್ದರು. ನನಗೆ ಮದುವೆಯಾಗಿ ಆರು ತಿಂಗಳು. ಕೆಲಸ ಹೋದರೆ ಹೆಂಡತಿಗೆ ಮುಖ ತೋರಿಸುವಂತಿರಲಿಲ್ಲ.

ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೇಗೋ ನುಗ್ಗಿ ಡಬ್ಬಿಯನ್ನು ಎರಡು ಸೀಟಿನ ನಡುವೆ ಇಟ್ಟೆ. ತಲೆ ಎತ್ತಿದರೆ ಎದುರಿಗೇ ಆ ಹುಡುಗಿ, ತಾಯಿಯ ಜೊತೆ. ಗಂಗಾವತಿ ಹತ್ತಿರದ ಮರಳಿಯಲ್ಲಿ ಅವಳ ಅಕ್ಕ ಬಸುರಿ. ಹೆರಿಗೆಗೆ ತವರಿಗೆ ಕರೆತರಲು ಹೊರಟಿದ್ದರು. ಡಬ್ಬಿ ನೋಡಿ ಹುಡುಗಿಯ ಮುಖ ಬಾಡಿತು. ಪಟ್ಟಿ ಬಿಗಿ ಇದೆ ಎಂದು ನಾನು ಪಿಸುಗುಟ್ಟಿದರೂ ಕೇಳದೆ ನೇರ ಕಂಡಕ್ಟರ್ ಹತ್ತಿರ ಹೋದಳು. "ಈ ಕಾಕಾ ಡಬ್ಬಿಯೊಳಗ ದೆವ್ವ ಒಯ್ಯಾಕತ್ತಾನ್ರಿ. ಅಲ್ಲೇ ನಮ್ಮಕ್ಕ ಬಸರಿ ಅದಾಳ್ರಿ."

ಇದು ಬರೀ ಸಿನಿಮಾ ಎಂದು ನಾನು ಒದರಿದೆ. ಯಾವುದು ಎಂದು ಯಾರೋ ಕೇಳಿದರು, ಹೇಳಿದೆ. ಅದೇ ತಪ್ಪಾಯಿತು. ಅರ್ಧ ಬಸ್ಸು ಆ ಸಿನಿಮಾ ನೋಡಿತ್ತು. ಮೊದಲು ಮಕ್ಕಳು ಅಳಲು ಹತ್ತಿದವು, ಅವನ್ನು ಎತ್ತಿಕೊಂಡು ತಾಯಂದಿರು ಇಳಿದರು, ಅವರ ಹಿಂದೆ ಗಂಟು ಹೊತ್ತು ಗಂಡಸರು. ಮಕ್ಕಳಿಗಾಗಿ ಇಳಿದೆವು ಎಂದು ಅವರು ಇಂದಿಗೂ ಹೇಳುತ್ತಿರಬಹುದು.

ಡಬ್ಬಿ ಕೆಳಗಿಳಿಯದೆ ಬಸ್ಸು ಬಿಡುವುದಿಲ್ಲ ಎಂದ ಕಂಡಕ್ಟರ್. ಆ ದಿನ ಇದ್ದದ್ದು ಅದೊಂದೇ ಬಸ್ಸು. ಕೈ ಮುಗಿದೆ. ಅವನು ಡಬ್ಬಿಗೆ ಕೈ ಹಾಕಿದ. ನನ್ನ ಕೆಲಸ ಹೋಯಿತೆಂದೇ ತಿಳಿದೆ.

ಆಗ ಅಷ್ಟು ಹೊತ್ತು ಕಂಬ ಹಿಡಿದು ನಿಂತಿದ್ದ ಹುಲಿಹೈದರದ ಒಬ್ಬ ಮುದುಕಿ, ಖಾಲಿಯಾದ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಎರಡೂ ಕಾಲನ್ನು ನನ್ನ ಡಬ್ಬಿಯ ಮೇಲೆ ಇಟ್ಟಳು. ತಾನು ಕಾಲು ಎತ್ತುವತನಕ ಅದು ಹೊರಗೆ ಬರುವುದಿಲ್ಲ ಎಂದು ಹುಡುಗಿಗೆ ಮಾತು ಕೊಟ್ಟಳು. ಹುಡುಗಿ ಮುದುಕಿಯ ಕಾಲನ್ನು ಚೆನ್ನಾಗಿ ನೋಡಿ, ಒಪ್ಪಿ, ತಾಯಿಯ ಪಕ್ಕ ಹೋಗಿ ಕೂತಳು.

ಆಮೇಲೆ ಮುದುಕಿ ಕಂಡಕ್ಟರ್ ಕಡೆ ತಿರುಗಿದಳು. "ಡಬ್ಬಿ ಇಳಸಬ್ಯಾಡೋ ಯಪ್ಪಾ. ಅದು ಇಳದ್ರ ಅವರೆಲ್ಲಾ ಮತ್ತ ಹತ್ತತಾರ. ಈ ಬಸ್ಸಿನ್ಯಾಗ ನಾ ಕುಂತದ್ದು ಇದ ಮೊದಲು."