ಕಾರಿನಲ್ಲಿ ಒಪ್ಪಿಸಿಕೊಂಡ ಪಾಠ

ಮಕ್ಕಳ ಓದಿನ ವಿಷಯದಲ್ಲಿ ನಮ್ಮ ಜನಕ್ಕಿರುವ ಆತುರ ಬೇರೆ ಯಾವುದರಲ್ಲೂ ಇಲ್ಲ. ಏಳು ಗಂಟೆಗೆ ಊಟಕ್ಕೆ ಬನ್ನಿ ಎಂದರೆ ಎಂಟೂವರೆಗೆ ಬಂದು ಬೆಲ್ ಒತ್ತುವ ನಾವು, ಮಕ್ಕಳು ಮಾತ್ರ ಎಲ್ಲ ಕಡೆಗೂ ಒಂದು ವರ್ಷ ಮುಂಚೆಯೇ ತಲುಪಿರಬೇಕು ಎನ್ನುತ್ತೇವೆ. ನಾನೂ ಆ ಪೈಕಿಯವನೇ. ಅಮೆರಿಕದಲ್ಲಿ ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಪಾಠ ಓದಿ ಪಾಸಾದರೆ, ಅದರ ಕ್ರೆಡಿಟ್ಟು ಮುಂದೆ ಕಾಲೇಜಿಗೆ ಸೇರಿದಾಗ ಜಮೆಯಾಗುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ಮೈಸೂರಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಬೆಳೆದ ನನಗೆ ಈ ಏರ್ಪಾಡು ಕೇಳಿದ ಕೂಡಲೇ ಹಿಡಿಸಿಬಿಟ್ಟಿತು.

ಹೇಳಿದವನು ಪಕ್ಕದೂರು ಗ್ಲೆಂಡೇಲ್ ಹೈಟ್ಸ್‌ನ ನಮ್ಮ ಧಾರವಾಡದ ಗೆಳೆಯ ಪ್ರಹ್ಲಾದ. ಅವರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನನ್ನ ಕೈಗೆ ಸಪಾದದ ತಟ್ಟೆ ಕೊಡುತ್ತ, "ಅಲ್ರೀ, ನಿಮ್ಮ ಹುಡುಗಿ ಇನ್ನೂ ಒಂದ್ ಕ್ರೆಡಿಟ್ಟೂ ತಗೊಂಡಿಲ್ಲೇನ್ರಿ? ನಮ್ಮ ಹುಡುಗ ಹನ್ನೆರಡು ಮುಗಿಸ್ಯಾನ" ಎಂದ. ಸಪಾದ ಗಂಟಲಲ್ಲೇ ನಿಂತಿತು. ಮರುದಿನವೇ ನಾನು ಮಗಳು ಚೈತ್ರಳ ಸ್ಕೂಲಿಗೆ ಫೋನು ಮಾಡಿ, ಕೌನ್ಸೆಲರ್ ಅಮ್ಮನ ತಲೆ ತಿಂದು, ಹತ್ತಿರದ ಕಮ್ಯುನಿಟಿ ಕಾಲೇಜಿನ ಮನಶ್ಶಾಸ್ತ್ರದ ತರಗತಿಗೆ ಅವಳ ಹೆಸರು ಬರೆಸಿದೆ. ಯಾಕೆ ಮನಶ್ಶಾಸ್ತ್ರ ಅಂದರೆ, ಸೀಟು ಖಾಲಿ ಇದ್ದದ್ದು ಅದೊಂದರಲ್ಲೇ. ಆಗ ಹನ್ನೊಂದನೆಯ ತರಗತಿಯಲ್ಲಿದ್ದ ಚೈತ್ರಳಿಗೆ ಆ ಹೊತ್ತಿನಲ್ಲಿ ಸ್ಕೂಲಿನ ಮಣ್ಣಿನ ಮಡಕೆ ಮಾಡುವ ಕ್ಲಾಸಿಗೆ ಹೋಗುವ ಆಸೆಯಿತ್ತು. ಮಡಕೆಗೆ ಯಾರು ಕ್ರೆಡಿಟ್ ಕೊಡುತ್ತಾರೆ ಎಂದು ನಾನು ಕೇಳಿದ್ದೆ. ಅವಳು ಭುಜ ಕುಣಿಸಿದ್ದಳು.

ಅದು ರಿಸೆಷನ್ನಿನ ಚಳಿಗಾಲ. ನಮ್ಮ ಬಡಾವಣೆಯಲ್ಲಿ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನಾಯಿ ಸುತ್ತಿಸುವ ಗಂಡಸರ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿತ್ತು. ಡೌನರ್ಸ್ ಗ್ರೋವ್‌ನಲ್ಲಿದ್ದ ನಮ್ಮ ಆಫೀಸಿನಲ್ಲಿ ಒಂದು ಶುಕ್ರವಾರ ನನ್ನನ್ನೂ ಒಳಗೆ ಕರೆದು, ಬಹಳ ಮರ್ಯಾದೆಯಿಂದ, ಒಂದು ರಟ್ಟಿನ ಡಬ್ಬ ಕೊಟ್ಟರು. ಹತ್ತು ವರ್ಷದ ಸಂಸಾರವೆಲ್ಲ ಆ ಡಬ್ಬದಲ್ಲಿ ಹಿಡಿಸಿತು. ಹಿಡಿಸದೆ ಉಳಿದದ್ದು ಮೇಜಿನ ಮೇಲಿನ ಮನಿ ಪ್ಲಾಂಟ್ ಒಂದೇ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ. ಮಗುವಿಗೆ ಹೇಳಬೇಡಿ, ಪರೀಕ್ಷೆ ಇರುವ ಮಗು ಎಂದು ನನ್ನ ಹೆಂಡತಿ ಸುಮ ಮೊದಲ ದಿನವೇ ಅಂದಳು. ನನಗೂ ಅಷ್ಟೇ ಬೇಕಾಗಿತ್ತು. ಮಗಳ ಎದುರು ಕೆಲಸ ಕಳೆದುಕೊಂಡವನಾಗಿ ನಿಲ್ಲಲು ನನಗೆ ನಾಚಿಕೆ. ಹಾಗಾಗಿ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಷರ್ಟು ಹಾಕಿ, ಅವಳು ಸ್ಕೂಲ್ ಬಸ್ಸು ಹತ್ತುವವರೆಗೆ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ನು ಬೆಚ್ಚಗೆ ಮಾಡುವವನಂತೆ ನಟಿಸುತ್ತಿದ್ದೆ. ಮನಿ ಪ್ಲಾಂಟ್ ಯಾಕೆ ಬಂತು ಎಂದು ಅವಳು ಕೇಳಿದಾಗ, ಆಫೀಸಿನಲ್ಲಿ ಹೀಟರ್ ಸರಿ ಇಲ್ಲ ಎಂದೆ. ನನ್ನನ್ನು ಕಾಲೇಜಿಗೆ ಬಿಡಲು ಮೂರು ಗಂಟೆಗೆ ನಿನಗೆ ಹೇಗೆ ಬಿಡುವು ಎಂದು ಕೇಳಿದಾಗ, ಫ್ಲೆಕ್ಸಿ ಟೈಮ್ ಎಂದೆ. ಸುಳ್ಳು ಹೇಳಲು ಇಂಗ್ಲಿಷಿನಷ್ಟು ಅನುಕೂಲ ಬೇರೆ ಭಾಷೆ ಕೊಡುವುದಿಲ್ಲ.

ವಾರಕ್ಕೆ ಮೂರು ದಿನ ಅವಳನ್ನು ಸ್ಕೂಲಿನಿಂದ ಕರೆದುಕೊಂಡು ಕಾಲೇಜಿಗೆ ಬಿಡುತ್ತಿದ್ದೆ. ಹೋಗುತ್ತ ಇಪ್ಪತ್ತೈದು ನಿಮಿಷ, ಬರುತ್ತ ಇಪ್ಪತ್ತೈದು ನಿಮಿಷ. ಹದಿನಾರು ವರ್ಷದ ಮಗಳು, ತಪ್ಪಿಸಿಕೊಳ್ಳಲಾರದಂತೆ ಸೀಟ್ ಬೆಲ್ಟ್ ಕಟ್ಟಿಕೊಂಡು, ಪಕ್ಕದಲ್ಲೇ. ಕೆಲಸದಲ್ಲಿದ್ದ ಹತ್ತು ವರ್ಷ ನನಗೆ ಆ ಭಾಗ್ಯವಿರಲಿಲ್ಲ. ಈಗ ಸಿಕ್ಕಿದ್ದನ್ನು ನಾನು ಏನು ಮಾಡಿದೆ ಗೊತ್ತೆ? ಪಾಠ ಒಪ್ಪಿಸಿಕೊಂಡೆ. ನಮ್ಮಪ್ಪ ಸಂಜೆ ದೀಪ ಹಚ್ಚಿದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಮಗ್ಗಿ, ಪದ್ಯ, ಅರವತ್ತು ಸಂವತ್ಸರ ಎಲ್ಲವನ್ನೂ ಒಪ್ಪಿಸಿಕೊಳ್ಳುತ್ತಿದ್ದರು. ನಮ್ಮಿಬ್ಬರ ನಡುವೆ ಬೇರೆ ಮಾತಿದ್ದ ನೆನಪೇ ನನಗಿಲ್ಲ. ಅಪ್ಪ ಎಂದರೆ ಕೇಳುವವನು, ಮಗು ಎಂದರೆ ಒಪ್ಪಿಸುವುದು ಎಂದೇ ನಾನು ತಿಳಿದಿದ್ದೆ. ಚೈತ್ರ ಕ್ಲಾಸಿನಲ್ಲಿದ್ದಾಗ ನಾನು ಕ್ಯಾಂಟೀನಿನಲ್ಲಿ ಕೂತು ಕೆಲಸಕ್ಕೆ ಅರ್ಜಿ ಹಾಕುವುದು, ಅದು ಬೇಸರವಾದರೆ ಅವಳ ಪುಸ್ತಕ ನೋಡಿ ಪ್ರಶ್ನೆ ಬರೆದುಕೊಳ್ಳುವುದು. ಸಂದರ್ಶನಕ್ಕೂ ಅಷ್ಟು ತಯಾರಾಗಲಿಲ್ಲ. ಆ ಪುಸ್ತಕದಲ್ಲಿದ್ದ, ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ವಿಷಯ ಇವತ್ತು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತೇನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಪ್ರಶ್ನೆ ಕೇಳುತ್ತಿರುವಷ್ಟು ಹೊತ್ತು ಅವಳು ನನಗೆ ಪ್ರಶ್ನೆ ಕೇಳುವಂತಿರಲಿಲ್ಲ. ಆಫೀಸು ಹೇಗಿದೆ ಅಪ್ಪ ಎಂದುಬಿಟ್ಟರೆ ಏನು ಗತಿ ಎಂಬ ಹೆದರಿಕೆಯಲ್ಲಿ ನಾನು ಒಂದರ ಹಿಂದೆ ಒಂದು ಕೇಳುತ್ತಲೇ ಇದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ ರೈಲ್ವೆ ಗೇಟು ಬಿತ್ತು. ಗೂಡ್ಸ್ ರೈಲು. ಈ ಊರಿನ ಗೂಡ್ಸಿಗೆ ತಲೆ ಇದೆ, ಬಾಲವಿಲ್ಲ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹತ್ತು ಡಿಗ್ರಿ ಫ್ಯಾರನ್‌ಹೀಟು, ಒಳಗೆ ಹೀಟರಿನ ಗುಂಯ್ ಸದ್ದು. ನಾನು ಪ್ರಶ್ನೆಯ ಚೀಟಿ ಹುಡುಕುತ್ತಿದ್ದೆ. ಚೈತ್ರ ಕೈಚೀಲ ತೆಗೆದು ಕಾಲ ಬಳಿ ಇಟ್ಟು, ನನ್ನ ಕಡೆ ತಿರುಗಿ ಕೂತಳು.

"ಅಪ್ಪ, ನಿನಗೆ ಒಂದು ಮಾತು ಹೇಳ್ಬೇಕು."

"ಮೊದ್ಲು ಈ ನೆನಪು-ಮರೆವಿನ ಚಾಪ್ಟರ್ ಒಪ್ಸು. ಇವತ್ತು ಟೆಸ್ಟ್ ಅಲ್ವ? ಆಮೇಲೆ ಹೇಳುವೆಯಂತೆ."

ಅವಳು ಸ್ವಲ್ಪ ಹೊತ್ತು ರೈಲು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ, ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಸರಸರನೆ ಉತ್ತರ ಹೇಳಿದಳು. ಭೇಷ್ ಎಂದೆ. ಗೇಟು ಎದ್ದಿತು, ಕಾಲೇಜು ಬಂತು, ಅವಳು ಇಳಿದು ಹೋದಳು. ವಾಪಸು ಬರುವಾಗ ನೆನಪಿಸಿ ಕೇಳಬಹುದಿತ್ತು. ಆದರೆ ಆ ಎರಡು ಗಂಟೆಯಲ್ಲಿ ನನಗೆ ಯಾರಿಂದಲೋ ಒಂದು ಫೋನು ಬಂದಿತ್ತು, ತಲೆ ಅಲ್ಲೇ ಇತ್ತು. ಯಾವ ಮಾತಿಗೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅವತ್ತು ಕನ್ನಡದಲ್ಲಿ ಶುರು ಮಾಡಿದ್ದಳು ಎನ್ನುವುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ.

ಹೊಳೆಯುವ ಹೊತ್ತಿಗೆ ನಾನು ಡೆಟ್ರಾಯಿಟ್ ಕಡೆ ಇದ್ದೆ. ಬೇಸಿಗೆಯಲ್ಲಿ ಅಲ್ಲೊಂದು ಕಾಂಟ್ರಾಕ್ಟ್ ಕೆಲಸ ಸಿಕ್ಕಿತು. ಅಲ್ಲಿ ಕಾರಿನ ಕಂಪನಿಗಳೇ ಮುಗ್ಗರಿಸುತ್ತಿದ್ದವು. ಅಂಥ ಊರಿಗೆ ಕೆಲಸ ಹುಡುಕಿಕೊಂಡು ಹೋದವನು ನಾನೊಬ್ಬನೇ ಇರಬೇಕು ಎಂದು ಪ್ರಹ್ಲಾದ ಗೇಲಿ ಮಾಡಿದ. ಭಾನುವಾರ ಮಧ್ಯಾಹ್ನ ಹೊರಟು ಇನ್ನೂರೆಂಬತ್ತು ಮೈಲಿ ಡ್ರೈವ್ ಮಾಡಿ ಹೋಗುವುದು, ಶುಕ್ರವಾರ ವಾಪಸು. ಚೈತ್ರಳ ಕೊನೆಯ ಸ್ಕೂಲು ವರ್ಷವೆಲ್ಲ ಹಾಗೇ ಕಳೆಯಿತು. ಶನಿವಾರ ನಾನು ಮನೆಯಲ್ಲಿದ್ದರೆ ಅವಳು ಗೆಳತಿಯರ ಜೊತೆ ಇರುತ್ತಿದ್ದಳು. ಒಟ್ಟಿಗೆ ಕೂತು ಹೋಗುವ ದಾರಿ ಮತ್ತೆ ಬರಲಿಲ್ಲ. ಅವಳು ಕಾಲೇಜಿಗೆ ಹೋದಳು.

ಆ ಕ್ರೆಡಿಟ್ಟು ಏನಾಯಿತು ಎಂದು ನೀವು ಕೇಳಬಹುದು. ಅವಳಿಗೆ ಎ ಗ್ರೇಡು ಬಂದಿತ್ತು. ಸೇರಿದ ಕಾಲೇಜಿನವರು ಅದನ್ನು ಸಂತೋಷದಿಂದಲೇ ಸ್ವೀಕರಿಸಿ, ಯಾವುದಕ್ಕೂ ಬೇಡದ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಹಾಕಿದರು. ಅವಳ ಓದು ಎಲ್ಲರ ಹಾಗೆ ನಾಲ್ಕು ವರ್ಷ ಹಿಡಿಯಿತು. ಕರ್ಚೀಫು ಹಾಕಿದ್ದು ಬೇರೆ ಬಸ್ಸಿಗೆ.

ಹೋದ ಥ್ಯಾಂಕ್ಸ್‌ಗಿವಿಂಗ್‌ಗೆ ಚೈತ್ರ ಮನೆಗೆ ಬಂದಿದ್ದಳು. ಅವಳಿಗೀಗ ಕೆಲಸವಿದೆ, ಅಡುಗೆ ಬರುತ್ತದೆ, ನನ್ನ ಕಣ್ಣಿನ ಪೊರೆಯ ನಂತರ ಸ್ಟೀರಿಂಗು ಕೂಡ ಅವಳದೇ. ಬೇಳೆ, ಕರಿಬೇವು ತರಲು ಇಬ್ಬರೇ ಹೊರಟೆವು. ಅಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಆಗ ಕೇಳಿದೆ. ಅವತ್ತು ರೈಲ್ವೆ ಗೇಟಿನ ಹತ್ತಿರ ನೀನು ಏನು ಹೇಳಬೇಕೆಂದಿದ್ದೆ? ಅವಳಿಗೆ ತಕ್ಷಣ ನೆನಪಾಯಿತು. ನಗುತ್ತಲೇ ಹೇಳಿದಳು, ಇಂಗ್ಲಿಷಿನಲ್ಲಿ. ಕೆಲಸ ಹೋದದ್ದು ಅವಳಿಗೆ ಮನಿ ಪ್ಲಾಂಟ್ ಬಂದ ವಾರವೇ ಗೊತ್ತಾಗಿತ್ತಂತೆ. ಅಮ್ಮನನ್ನು ಅಡುಗೆಮನೆಯಲ್ಲಿ ಹಿಡಿದು ಬಾಯಿ ಬಿಡಿಸಿದ್ದಳಂತೆ. ನಾನು ದಿನಾ ಗ್ಯಾರೇಜಿನಲ್ಲಿ ಇಸ್ತ್ರಿ ಷರ್ಟಿನಲ್ಲಿ ನಿಲ್ಲುವುದನ್ನು ನೋಡಲಾಗದೆ, ಹೆದರಬೇಡ ಅಪ್ಪ, ನಾನು ಫೀಸು ಕಡಿಮೆ ಇರುವ ಹತ್ತಿರದ ಕಾಲೇಜಿಗೇ ಹೋಗುತ್ತೇನೆ, ನೀನು ಸುಳ್ಳು ಹೇಳುವುದು ಬೇಡ ಎಂದು ಹೇಳಬೇಕೆಂದಿದ್ದಳಂತೆ. ಇಂಗ್ಲಿಷಿನಲ್ಲಿ ಹೇಳಿದರೆ ನಿಮ್ಮಪ್ಪ ವಾದಕ್ಕೆ ನಿಲ್ಲುತ್ತಾರೆ, ಕನ್ನಡದಲ್ಲಿ ಹೇಳು ಎಂದು ಸುಮ ಎರಡು ದಿನ ಕೂರಿಸಿ ಕಲಿಸಿದ್ದಳಂತೆ. ಇದನ್ನು ಸುಮ ನನಗೆ ಇಷ್ಟು ವರ್ಷ ಹೇಳಿರಲಿಲ್ಲ. ಆಮೇಲೆ ಮನೆಯಲ್ಲಿ ಜೋರು ಮಾಡಿದ್ದಕ್ಕೆ, ಕೇಳಿದ್ರೆ ತಾನೆ ಹೇಳೋದು ಎಂದಳು.

ನನಗೆ ಕಣ್ಣು ತುಂಬಿ ಬಂತು. ಪೊರೆಯ ಮೇಲೆ ಹಾಕುವಂತಿರಲಿಲ್ಲ, ಅದನ್ನು ಆಗಲೇ ತೆಗೆಸಿಯಾಗಿತ್ತು. ಅಮ್ಮ ಕಲಿಸಿದ ಹಾಗೇ, ಕನ್ನಡದಲ್ಲೇ, ಈಗ ಒಂದು ಸಲ ಹೇಳಮ್ಮ ಎಂದೆ. ಅವಳು ಹೇಳಲು ಬಾಯಿ ತೆರೆದಳು, ನಿಲ್ಲಿಸಿದಳು, ಮತ್ತೆ ಯೋಚಿಸಿದಳು.

"ಐ ಫರ್ಗಾಟ್ ದ ಕನ್ನಡ, ಅಪ್ಪ. ದಟ್ ಡೇ ಐ ಹ್ಯಾಡ್ ಇಟ್ ಬೈ ಹಾರ್ಟ್."

ಪರವಾಗಿಲ್ಲ ಕಂದ ಎನ್ನಬಹುದಿತ್ತು. ತಪ್ಪು ನನ್ನದು ಎನ್ನಬಹುದಿತ್ತು. ಏನೂ ಅನ್ನದೆ ಅವಳ ತಲೆ ಸವರಬಹುದಿತ್ತು. ನನ್ನ ಬಾಯಿಂದ ಬಂದದ್ದು, "ಮನುಷ್ಯನಿಗೆ ಮರೆವು ಯಾಕೆ ಬರುತ್ತೆ? ಕಾರಣ ಹೇಳು ನೋಡೋಣ" ಎಂದು. ಚೈತ್ರ ರಸ್ತೆಯಿಂದ ಕಣ್ಣು ತೆಗೆಯದೆ, ಒಂದೊಂದಾಗಿ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ.