ಒಂದು ಹಣ್ಣು, ಎರಡು ಹೆಸರು, ನಡುವೆ ನಾನು

ಒಂದೇ ಭಾಷೆ ಆಡೋ ಗಂಡ ಹೆಂಡತಿಗೇ ತಟ್ಟೆಯಲ್ಲಿರೋದಕ್ಕೆ ಏನನ್ನಬೇಕು ಅನ್ನೋದರಲ್ಲಿ ಹೊಂದಿಕೆ ಆಗೋದಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತವಳಿಗೆ ಇಂಥವು ಕಾಣೋದು ಒಂದಾ ಎರಡಾ.

ಬೆಳಗೋಡಿನ ಹತ್ತಿರ ಗೌಡರ ಎಸ್ಟೇಟಿನಲ್ಲಿ ಹೋಂಸ್ಟೇ ಶುರುವಾದ ಹೊಸತು. ಅಡುಗೆ ನನ್ನದು. ಕಾಫಿ ಹಣ್ಣು ಕುಯ್ಯೋ ಕಾಲಕ್ಕೆ ಪರದೇಶದ ಗಂಡ ಹೆಂಡತಿ ಬಂದಿಳಿದರು. ಅವನು ಪೋರ್ಚುಗಲ್‌ನವನು, ಅವಳು ಬ್ರೆಜಿಲ್‌ನವಳು. ತಮ್ಮತಮ್ಮಲ್ಲಿ ಆಡೋದು ಪೋರ್ಚುಗೀಸು, ಗೌಡರ ಜೊತೆ ಇಂಗ್ಲಿಷು.

ಗೌಡರ ಹೆಂಡತಿ, "ಅಜ್ಜಿ, ನಿಂಗೆ ಇವರ ಮಾತು ಬರಲ್ಲ. ಹಾಸನದಿಂದ ಇಂಗ್ಲಿಷು ಬರೋ ಅಡುಗೆಯವನನ್ನ ಕರೆಸ್ತೀನಿ" ಅಂದರು.

"ಒಂದು ವಾರ ತಡೀರಿ ಅಮ್ಮಾವ್ರೆ. ಅವರ ಮಾತಲ್ಲೇ ಊಟಕ್ಕೆ ಕರೀತೀನಿ. ಆಗ್ಲಿಲ್ಲ ಅಂದ್ರೆ ನಾನೇ ಸೌಟು ಕೆಳಗಿಟ್ಟು ಹೋಯ್ತೀನಿ" ಅಂದೆ. ಅಕ್ಷರ ಕಲಿಯದವಳು ಮಾತೂ ಕಲಿಯಬಾರದಾ?

ಹಣ್ಣು

ಅನಾನಸ್ ಹೆಚ್ಚಿಟ್ಟು, ಇದಕ್ಕೇನಂತೀರಿ ಅಂತ ಕೈಸನ್ನೆ ಮಾಡಿದೆ. "ಅನನಾಸ್" ಅಂದ ಗಂಡ. ಅರೆ, ನಮ್ಮದೇ ಮಾತು, ಅರ್ಧ ಗೆದ್ದೆ ಅಂದುಕೊಂಡೆ. ಹೆಂಡತಿ ತಲೆ ಅಲ್ಲಾಡಿಸಿ, "ಅಬಕಶೀ" ಅಂದಳು. ಅವನು ಅನನಾಸ್, ಇವಳು ಅಬಕಶೀ. ಇಬ್ಬರ ವಾದ ಮುಗಿಯೋ ಹೊತ್ತಿಗೆ ತಟ್ಟೆಗೆ ಇರುವೆ ಮುತ್ತಿತ್ತು. ಇರುವೆಗಳು ಹೆಸರು ಕೇಳಲಿಲ್ಲ.

ತಿಂಡಿಗೆ ಕರೆದದ್ದು

ಬೆಳಗಿನ ತಿಂಡಿಗೆ ಅವನು "ಪಿಕೇನು ಅಲ್ಮೋಸು" ಅಂತ ಹೇಳಿಕೊಟ್ಟ. ಅವಳು "ಕಫೆ ದ ಮನ್ಯಾ" ಅಂದಳು. ಅಕ್ಕಿರೊಟ್ಟಿ ತಟ್ಟುತ್ತಾ ಎರಡನ್ನೂ ಬಾಯಿಪಾಠ ಮಾಡಿದೆ. ಮೊದಲ ದಿನ ಅವನ ಮಾತಲ್ಲಿ ಕರೆದರೆ ಅವಳು ಏಳಲಿಲ್ಲ. ಮಾರನೇ ದಿನ ಅವಳ ಮಾತಲ್ಲಿ ಕರೆದರೆ ಅವನು ಜಗಲಿ ಬಿಟ್ಟು ಅಲ್ಲಾಡಲಿಲ್ಲ. ರೊಟ್ಟಿ ಎರಡು ದಿನವೂ ಆರಿತು.

ಮೂರನೇ ದಿನ ನಾನೇನು ಬಿಟ್ಟೇನಾ. ಕಣದ ಹತ್ತಿರ, ಆಳುಗಳಿಗೆ ಕೆಲಸ ಬಿಟ್ಟಿತು ಅಂತ ತಿಳಿಸೋಕೆ ಒಂದು ಕಬ್ಬಿಣದ ತುಂಡು ನೇತುಹಾಕಿದ್ದರು. ಹೋಗಿ ಅದನ್ನೇ ಬಾರಿಸಿದೆ. ಗಂಡ ಹೆಂಡತಿ ಇಬ್ಬರೂ ಓಡಿ ಬಂದರು. ಅವರ ಹಿಂದೆ ಹಣ್ಣು ಕುಯ್ಯೋ ಹೆಂಗಸರೂ ಕಾಲುಭಾಗ ತುಂಬಿದ ಬುಟ್ಟಿ ಹೊತ್ತು ಬಂದರು.

ಆಳುಗಳ ಲೆಕ್ಕ ಬರೆಯೋ ಎಸ್ಟೇಟಿನ ರೈಟರ್ ಸೊಂಟಕ್ಕೆ ಕೈಯಿಟ್ಟು, "ಅಜ್ಜಿ, ಒಂಬತ್ತು ಗಂಟೆಗೇ ಸಂಜೆ ಮಾಡ್ಬುಟ್ಟೆಯಲ್ಲ" ಅಂದ.

ಕಡುಬು

ವಾರ ಮುಗಿಯಿತು. "ನಾಳೆ ಬಸ್ಸಿಗೆ ಹಾಸನದವನು ಬರ್ತಾನೆ ಅಜ್ಜಿ" ಅಂದರು ಅಮ್ಮಾವ್ರು. ಇವತ್ತಿನ ಊಟ ನನ್ನದೇ ತಾನೇ, ಅವರ ಊರುಗಳಲ್ಲಿ ಇಲ್ಲದ್ದನ್ನೇ ಮಾಡ್ತೀನಿ, ಆಗ ಯಾವ ಹೆಸರಿಗೆ ಜಗಳ ಆಡ್ತಾರೋ ನೋಡೋಣ ಅಂತ ಅಕ್ಕಿ ತರಿ ಬೇಯಿಸಿ, ಉಂಡೆ ಕಟ್ಟಿ, ಹಬೆಗಿಟ್ಟೆ. ಜೊತೆಗೆ ಕೋಳಿ ಸಾರು.

ಇಬ್ಬರೂ ಹೆಸರು ಕೇಳಿದರು. "ಕಡುಬು" ಅಂದೆ. ಇಬ್ಬರೂ ಒಪ್ಪಿ, ಒಟ್ಟಿಗೆ "ಕಡುಬು" ಅಂದರು. ನನ್ನ ಎದೆ ತಣ್ಣಗಾಯಿತು.

ಅಮ್ಮಾವ್ರ ತೌರು ಘಟ್ಟದ ಕೆಳಗೆ. "ಕಡುಬಲ್ಲ, ಇದು ಪುಂಡಿ" ಅಂದರು.

"ಪುಂಡಿ ನಿಮ್ಮ ತೌರಲ್ಲಿ ಅಮ್ಮಾವ್ರೆ. ಘಟ್ಟ ಹತ್ತಿದ ಮೇಲೆ ಕಡುಬು."

"ಉಂಡೆ ಇರೋದು ಪುಂಡಿ ಅಜ್ಜಿ. ಕಡುಬಿಗೆ ಎಲೆ ಸುತ್ತಬೇಕು."

"ನಮ್ಮತ್ತೆ ಸಾಯೋ ತನಕ ಉಂಡೆ ಮಾಡಿ ಕಡುಬು ಅಂದ್ರು. ಅವ್ರೇನು ಸುಳ್ಳು ಹೇಳಿದ್ರಾ?"

ನಾವು ತಿರುಗಿ ನೋಡುವಾಗ ಪಾತ್ರೆಯ ತಳ ಕಾಣುತ್ತಿತ್ತು. ಗಂಡ ಹೆಂಡತಿ ಒಬ್ಬರ ಭುಜಕ್ಕೊಬ್ಬರು ಒರಗಿ, ಕಣ್ಣಲ್ಲಿ ನೀರು ಬರೋ ಹಾಗೆ ನಗುತ್ತಿದ್ದರು. ಜೊತೆಗೆ ಊಟಕ್ಕೆ ಕೂತಿದ್ದ ಗೌಡರಿಗೆ ಇಂಗ್ಲಿಷಲ್ಲಿ ಏನೋ ಹೇಳಿದರು.

ಗೌಡರು ಅಮ್ಮಾವ್ರ ಕಡೆ ತಿರುಗಿದರು. "ಇನ್ನೂ ಒಂದು ವಾರ ಇರ್ತಾರಂತೆ. ಹಾಸನದವನು ಬೇಡವಂತೆ. ಅಡುಗೆಗೆ ಅಜ್ಜೀನೇ ಇರ್ಬೇಕಂತೆ, ಜಗಳಕ್ಕೆ ದಿನಾ ನೀನೂ ಬರ್ಬೇಕಂತೆ."